ಸಮುವೇಲ ಎಂಬ ಹೆಸರಿಗೆ ನಿಜವಾದ ಅರ್ಥವೇನು? ಮನೆಯಲ್ಲೊಂದು ತಕರಾರು

ಬೆಟಗೇರಿಯ ಓದುಗ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಮಗನ ದೀಕ್ಷಾಸ್ನಾನವಿದೆ. ಮದುವೆಯಾಗಿ ಒಂಬತ್ತು ವರ್ಷಗಳಾದ ಮೇಲೆ ಹುಟ್ಟಿದ ಮಗು, ಅದೂ ನನ್ನ ಹೆಂಡತಿ ಹರಕೆ ಹೊತ್ತು ಪಡೆದದ್ದು. ಹಾಗಾಗಿ ಸಮುವೇಲ ಎಂದು ಹೆಸರಿಡುವ ವಿಷಯದಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ತಕರಾರು ಎದ್ದದ್ದು ಆಮಂತ್ರಣ ಪತ್ರಿಕೆಯ ಕರಡು ಪ್ರೆಸ್ಸಿನಿಂದ ಬಂದ ಮೇಲೆ. ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಸಮುವೇಲ ಎಂದರೆ ದೇವರು ಕೇಳಿದನು’ ಎಂದು ಹಾಕಿಸಿದ್ದೆ. ಮಕ್ಕಳ ಹೆಸರುಗಳ ತಾಣವೊಂದರಲ್ಲಿ ಹಾಗೆಯೇ ಇತ್ತು. ನಮ್ಮ ಮಾವನವರು ಮೂವತ್ತೆರಡು ವರ್ಷ ಹಳ್ಳಿಯ ಸಭೆಗಳಲ್ಲಿ ಉಪದೇಶಿಯಾಗಿದ್ದವರು. ಅವರು ಕರಡನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ, ಕೆಂಪು ಪೆನ್ನಿನಿಂದ ಆ ಸಾಲಿನ ಮೇಲೆ ಗೆರೆ ಎಳೆದು, “ಕೇಳಿದವಳು ಹನ್ನ, ಕೊಟ್ಟವನು ದೇವರು. ದೇವರು ಕೇಳಿದ ಎಂದು ಎಲ್ಲಿ ಬರೆದಿದೆ, ತೋರಿಸಿ” ಎಂದರು.

ತೆರೆದು ನೋಡಿದರೆ ಅವರು ಹೇಳಿದ್ದೇ ಸರಿ. ಸಮುವೇಲನ ಮೊದಲನೆಯ ಪುಸ್ತಕದ ಒಂದನೆಯ ಅಧ್ಯಾಯದ 20ನೆಯ ವಚನದಲ್ಲಿ, ಮಕ್ಕಳಿಲ್ಲದೆ ಕೊರಗುತ್ತಿದ್ದ ಹನ್ನಳು ಮುಂದೆ ಪ್ರವಾದಿಯಾದ ತನ್ನ ಮಗನಿಗೆ, ಯೆಹೋವನಿಂದ, ಅಂದರೆ ದೇವರಿಂದ, ಕೇಳಿ ಪಡೆದವನೆಂಬ ಕಾರಣಕ್ಕೆ ಈ ಹೆಸರಿಟ್ಟಳೆಂಬ ಮಾತಿದೆ. ಅಷ್ಟರಲ್ಲಿ ನನ್ನ ಭಾವಮೈದುನ ತನ್ನ ಇಂಗ್ಲಿಷ್ ಬೈಬಲ್ಲಿನ ಅಡಿಟಿಪ್ಪಣಿ ತೋರಿಸಿ, ಇವೆರಡೂ ಅಲ್ಲ, ‘ದೇವರ ಹೆಸರು’ ಎಂಬುದೇ ಇದರ ಅರ್ಥ ಎಂದ. ಒಂದೇ ಹೆಸರಿಗೆ ಒಂದೇ ಮನೆಯಲ್ಲಿ ಮೂರು ಅರ್ಥಗಳಾದವು. ಹೀಬ್ರೂ ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು. ಪ್ರೆಸ್ಸಿನವರು ಶನಿವಾರದವರೆಗೆ ಕಾಯುವುದಾಗಿ ಹೇಳಿದ್ದಾರೆ.

ಅಕ್ಷರಜೀವಿ

ಮೊದಲು ಮಗುವಿಗೂ ತಾಯಿಗೂ ಶುಭಾಶಯಗಳು. ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಕೆಲವು ವರ್ಷ ಹೀಬ್ರೂ ವ್ಯಾಕರಣ ಹೇಳಿಕೊಟ್ಟವನಾದ್ದರಿಂದ ಈ ಪ್ರಶ್ನೆ ನನಗೆ ಹಳೆಯ ಪರಿಚಯ. ಪ್ರತಿ ವರ್ಷವೂ ಒಬ್ಬರಾದರೂ ಇದನ್ನು ಕೇಳುತ್ತಿದ್ದರು, ಹೆಚ್ಚಾಗಿ ಸಮುವೇಲ ಎಂಬ ಹೆಸರಿನವರೇ ಕೇಳುತ್ತಿದ್ದರು.

ತಕರಾರಿನ ಒಂದು ಭಾಗ ಹೀಬ್ರೂವಿನದಲ್ಲ, ಕನ್ನಡದ್ದು. ನಮ್ಮಲ್ಲಿ ‘ಕೇಳು’ ಎಂಬ ಒಂದೇ ಧಾತು ಎರಡು ಕೆಲಸ ಮಾಡುತ್ತದೆ. ಸಂಗೀತ ಕೇಳುತ್ತೇವೆ, ಸಾಲವನ್ನೂ ಕೇಳುತ್ತೇವೆ. ಮೊದಲನೆಯದು ಕಿವಿಯ ಕೆಲಸ, ಎರಡನೆಯದು ಬಾಯಿಯದು. ‘ದೇವರು ಕೇಳಿದನು’ ಎಂದು ಅಚ್ಚು ಹಾಕಿಸಿದಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ದೇವರು ಪ್ರಾರ್ಥನೆಗೆ ಕಿವಿಗೊಟ್ಟನೆಂಬ ಅರ್ಥ. ಹನ್ನಳ ಮಾತಿನಲ್ಲಿರುವುದು ಬೇಡುವ ‘ಕೇಳು’. ಹೀಬ್ರೂವಿನಲ್ಲಿ ಇವು ಬೇರೆಬೇರೆ ಧಾತುಗಳು. ಬೇಡುವುದಕ್ಕೆ ‘ಶಾಅಲ್’, ಆಲಿಸುವುದಕ್ಕೆ ‘ಶಾಮಅ’. ಮೂಲವನ್ನು ಓದುವವನಿಗೆ ಇವೆರಡನ್ನು ಬೆರೆಸುವ ಪ್ರಮೇಯವೇ ಬರುವುದಿಲ್ಲ, ಕನ್ನಡದಲ್ಲಿ ಓದುವವನಿಗೆ ಬೇರ್ಪಡಿಸುವುದೇ ಕಷ್ಟ.

ಈಗ ಹೆಸರಿನ ಅಕ್ಷರಗಳನ್ನು ನೋಡೋಣ. ಹೀಬ್ರೂವಿನಲ್ಲಿ ಇದನ್ನು ಶಿನ್, ಮೇಮ್, ವಾವ್, ಆಲೆಫ್, ಲಾಮೆದ್ ಎಂಬ ಐದು ಅಕ್ಷರಗಳಲ್ಲಿ ಬರೆಯುತ್ತಾರೆ. ಉಚ್ಚಾರಣೆ ಸುಮಾರಾಗಿ ‘ಶ್ಮೂಏಲ್’. ಕೊನೆಯ ‘ಏಲ್’ ದೇವರೆಂಬ ಪದ, ಅದರಲ್ಲಿ ವಿವಾದವಿಲ್ಲ. ಪ್ರಶ್ನೆಯಿರುವುದು ಮುಂದಿನ ‘ಶ್ಮೂ’ ಏನು ಎಂಬುದರಲ್ಲಿ. ಅದು ಆಲಿಸುವ ‘ಶಾಮಅ’ದಿಂದ ಬಂದಿದ್ದರೆ ಆ ಧಾತುವಿನ ಮೂರನೆಯ ಅಕ್ಷರವಾದ ‘ಅಯಿನ್’ ಹೆಸರಿನಲ್ಲಿ ಕಾಣಿಸಬೇಕಿತ್ತು. ಇಷ್ಮಾಯೇಲ ಎಂಬ ಹೆಸರಿನಲ್ಲಿ ಅದು ಇದೆ, ಸಿಮೆಯೋನ ಎಂಬುದರಲ್ಲೂ ಇದೆ. ಆದಿಕಾಂಡ ಆ ಎರಡು ಹೆಸರುಗಳನ್ನೂ ಆಲಿಸುವ ಧಾತುವಿನಿಂದಲೇ ವಿವರಿಸುತ್ತದೆ. ಸಮುವೇಲನ ಹೆಸರಿನಲ್ಲಿ ಅಯಿನ್ ಇಲ್ಲ. ನೀವು ನೋಡಿದ ತಾಣದವರು ಇಷ್ಮಾಯೇಲನ ಅರ್ಥವನ್ನು ಸಮುವೇಲನಿಗೆ ತೊಡಿಸಿದ್ದಾರೆ.

ಕಲಬುರಗಿಯ ಶಿಕ್ಷಕಿ

ಅಕ್ಷರಜೀವಿಯವರು ಹೇಳಿದ ಅಯಿನ್‌ನ ವಿಷಯ ಉರ್ದು ಓದುವವರಿಗೆ ಕಣ್ಣಿಗೇ ಕಾಣಿಸುತ್ತದೆ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಇಬ್ಬರು ಇಸ್ಮಾಯಿಲರಿದ್ದಾರೆ. ಉರ್ದುವಿನಲ್ಲಿ ಆ ಹೆಸರನ್ನು ಬರೆಯುವಾಗ ನಡುವೆ ‘ಐನ್’ ಬರೆಯಲೇಬೇಕು. ಬಿಟ್ಟರೆ ಮಕ್ಕಳೇ ಎದ್ದು ನಿಂತು ತಪ್ಪು ತೋರಿಸುತ್ತಾರೆ. ಸಮುವೇಲ ಎಂಬುದನ್ನು ಬರೆಯುವಾಗ ಐನ್ ಬರುವುದಿಲ್ಲ, ಬರುವುದು ‘ಹಮ್ಜಾ’. ಉರ್ದು ಮಾತನಾಡುವ ನಾವು ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ಉಚ್ಚರಿಸುತ್ತೇವೆ. ಅರಬರ ಬಾಯಲ್ಲಿ ಐನ್ ಗಂಟಲನ್ನು ಒಳಗಿನಿಂದ ಬಿಗಿಹಿಡಿದು ಹೊರಡಿಸುವ ಧ್ವನಿ, ಹಮ್ಜಾ ಉಸಿರನ್ನು ಒಂದು ಕ್ಷಣ ತಡೆದು ಬಿಡುವ ಧ್ವನಿ.

ಇನ್ನೊಂದು ಸಂಗತಿ. ಕುರಾನಿನ ಎರಡನೆಯ ಅಧ್ಯಾಯದ 246ನೆಯ ವಚನದಲ್ಲಿ, ಮೂಸಾರ, ಅಂದರೆ ನಿಮ್ಮ ಮೋಶೆಯ, ನಂತರದ ಕಾಲದ ಇಸ್ರಾಯೇಲರು ತಮಗೊಬ್ಬ ರಾಜನನ್ನು ನೇಮಿಸಬೇಕೆಂದು ತಮ್ಮ ಪ್ರವಾದಿಯನ್ನು ಬೇಡಿಕೊಳ್ಳುವ ಪ್ರಸಂಗವಿದೆ. ಅಲ್ಲಿ ಪ್ರವಾದಿಯ ಹೆಸರಿಲ್ಲ; ಅವರನ್ನು ಸಮುವೇಲರೆಂದು ಗುರುತಿಸಿದವರು ವ್ಯಾಖ್ಯಾನಕಾರರು. ನೇಮಕಗೊಂಡ ರಾಜನನ್ನು ಮಾತ್ರ ತಾಲೂತ್ ಎಂದು ಕರೆಯಲಾಗಿದೆ, ಅಂದರೆ ನೀವು ಸೌಲ ಎನ್ನುವವನು. ಇಸ್ಲಾಂ ಬರುವುದಕ್ಕೆ ಮೊದಲೇ ಅರೇಬಿಯದಲ್ಲಿ ಈ ಹೆಸರು ಬಳಕೆಯಲ್ಲಿತ್ತು. ತೈಮಾ ಊರಿನ ಯಹೂದಿ ಕವಿ ಅಸ್ಸಮವ್‌ಅಲ್ ತನ್ನಲ್ಲಿ ನಂಬಿ ಇಟ್ಟಿದ್ದ ಆಯುಧಗಳನ್ನು ಶತ್ರುವಿಗೆ ಒಪ್ಪಿಸಲು ನಿರಾಕರಿಸಿ, ಅದಕ್ಕಾಗಿ ಮಗನನ್ನೇ ಕಳೆದುಕೊಂಡನೆಂಬ ಕಥೆಯಿದೆ. ‘ಸಮವ್‌ಅಲ್‌ಗಿಂತ ನಂಬಿಗಸ್ತ’ ಎಂಬುದು ಇಂದಿಗೂ ಅರಬ್ಬಿಯಲ್ಲಿ ಗಾದೆ. ಅವನ ಹೆಸರಿನಲ್ಲಿರುವುದೂ ಹಮ್ಜಾವೇ.

ಸಂದೇಹಿ

ಹಾಗಾದರೆ ಮಾವನವರ ಪಕ್ಷವೂ ಗೆಲ್ಲುವುದಿಲ್ಲ ಎಂಬುದನ್ನು ಯಾರಾದರೂ ಹೇಳಬೇಕು. ಬೇಡುವ ‘ಶಾಅಲ್’ ಧಾತುವಿನ ಅಕ್ಷರಗಳು ಶಿನ್, ಆಲೆಫ್, ಲಾಮೆದ್. ಅದರಿಂದ ‘ಶ್ಮೂಏಲ್’ ಹೇಗೆ ಹುಟ್ಟೀತು? ನಡುವಿನ ಮೇಮ್ ಎಲ್ಲಿಂದ ಬಂತು? ‘ಕೇಳಿ ಪಡೆದವನು’ ಎಂಬ ಅರ್ಥಕ್ಕೆ ಹೀಬ್ರೂವಿನಲ್ಲಿ ಸಿದ್ಧವಾದ ಹೆಸರೊಂದಿದೆ, ಅದು ಶಾಊಲ್, ನಮ್ಮ ಸೌಲ. ಅದೇ ಅಧ್ಯಾಯದ 28ನೆಯ ವಚನದಲ್ಲಿ ಹನ್ನಳು ಮಗನನ್ನು ದೇವಾಲಯಕ್ಕೆ ಒಪ್ಪಿಸುತ್ತ ಆಡುವ ಮಾತು ‘ಹೂ ಶಾಊಲ್ ಲ ಯೆಹೋವ’ ಎಂದಿದೆ. ಅವನು ಯೆಹೋವನಿಗೆ ಒಪ್ಪಿಸಲ್ಪಟ್ಟವನು ಎಂದು ಅದರ ಅರ್ಥ. ಆದರೆ ಕಿವಿಗೆ ಬೀಳುವುದು ‘ಇವನೇ ಸೌಲ’ ಎಂದು.

ಈ ಕಾರಣದಿಂದ 20ನೆಯ ಶತಮಾನದ ಕೆಲವು ವಿದ್ವಾಂಸರು, ಇದು ಮೂಲದಲ್ಲಿ ಇಸ್ರಾಯೇಲಿನ ಮೊದಲ ಅರಸನಾದ ಸೌಲನ ಹುಟ್ಟಿನ ಕಥೆಯಾಗಿದ್ದು, ಸೌಲನ ನಂತರ ಅರಸನಾದ ದಾವೀದನ ಪಕ್ಷದವರ ಕೈಯಲ್ಲಿ ಸಮುವೇಲನ ಕಥೆಯಾಗಿ ಬದಲಾಯಿತೆಂದು ವಾದಿಸಿದ್ದಾರೆ. ನನಗೆ ಈ ವಾದ ಒಪ್ಪಿಗೆಯಾಗಿದೆ. ಧರ್ಮಶ್ರದ್ಧೆಗೆ ನೋವಾದರೆ ಕ್ಷಮೆಯಿರಲಿ; ಆದರೆ ಪುಸ್ತಕದೊಳಗೇ ಸಾಕ್ಷಿಯಿರುವಾಗ ಸುಮ್ಮನಿರುವುದು ಸರಿಯಲ್ಲ.

ಬೆಟಗೇರಿಯ ಓದುಗ

ಸಂದೇಹಿಯವರ ಮಾತನ್ನು ಮಾವನವರಿಗೆ ಓದಿ ಹೇಳಿದೆ. ಸಿಟ್ಟಾಗುತ್ತಾರೆಂದು ಎಣಿಸಿದ್ದೆ, ಆಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೌಲನಿಗೂ ಶೀಲೋವಿಗೂ ಏನು ಸಂಬಂಧ? ಅವನು ಬೆನ್ಯಾಮೀನನ ಕುಲದವನು, ಕತ್ತೆ ಹುಡುಕುತ್ತ ಹೊರಟವನು. ಏಲಿಯ ಕೈಕೆಳಗೆ ಬೆಳೆದವನು ಸಮುವೇಲನಲ್ಲವೇ?” ಎಂದು ಕೇಳಿದರು. ಉತ್ತರಕ್ಕಾಗಿ ಕಾಯುತ್ತಿದ್ದಾರೆ.

ಅಕ್ಷರಜೀವಿ

ಮಾವನವರ ಪ್ರಶ್ನೆ ಆ ವಾದದ ಮರ್ಮಕ್ಕೇ ತಾಗುತ್ತದೆ. ಹನ್ನಳ ಕಥೆಯಿಂದ ಶೀಲೋ ದೇವಾಲಯವನ್ನೂ ಯಾಜಕನಾದ ಏಲಿಯನ್ನೂ ತೆಗೆದರೆ ಉಳಿಯುವುದು ಮಕ್ಕಳಿಲ್ಲದ ಹೆಣ್ಣೊಬ್ಬಳ ದುಃಖ ಮಾತ್ರ, ಕಥೆ ಉಳಿಯುವುದಿಲ್ಲ. ಸೌಲನು ಶೀಲೋವಿನಲ್ಲಿ ಬೆಳೆದನೆಂದು ತೋರಿಸುವ ಒಂದು ಸಾಲೂ ಬೇರೆಡೆ ಇಲ್ಲ. ಆದ್ದರಿಂದ ಕಥೆಯನ್ನು ಕದ್ದದ್ದೆಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ಆದರೆ ಸಂದೇಹಿಯವರು ಗಮನಿಸಿದ ಧ್ವನಿಸಾಮ್ಯ ಆಕಸ್ಮಿಕವಲ್ಲ ಎಂಬುದನ್ನು ಒಪ್ಪಲೇಬೇಕು. ಆ ಮೊದಲನೆಯ ಅಧ್ಯಾಯದಲ್ಲೇ ‘ಶಾಅಲ್’ ಧಾತುವಿನ ರೂಪಗಳು ಏಳು ಸಲ ಬರುತ್ತವೆ: 17ನೆಯ ವಚನದಲ್ಲಿ ಎರಡು, 20ರಲ್ಲಿ ಒಂದು, 27ರಲ್ಲಿ ಎರಡು, 28ರಲ್ಲಿ ಎರಡು. ಮುಂದಿನ ಅಧ್ಯಾಯದ 20ನೆಯ ವಚನದಲ್ಲಿ ಇನ್ನೆರಡು ಬಾರಿ ಬರುತ್ತವೆ. ಒಬ್ಬ ಬರಹಗಾರ ಒಂದು ಪದವನ್ನು ಇಷ್ಟು ಸಲ ಬಡಿದು ಹೇಳುತ್ತಿದ್ದಾನೆಂದರೆ ಅದನ್ನು ನಮ್ಮ ಕಿವಿಯಲ್ಲಿ ಉಳಿಸುವ ಉದ್ದೇಶ ಅವನಿಗಿದೆ.

ಯಾಕೆ ಉಳಿಸುತ್ತಾನೆಂಬುದು ಮುಂದೆ ಓದುತ್ತ ಹೋದಂತೆ ತಿಳಿಯುತ್ತದೆ. ಎಂಟನೆಯ ಅಧ್ಯಾಯದಲ್ಲಿ ಜನರು ಸಮುವೇಲನ ಬಳಿಗೆ ಬಂದು ರಾಜನನ್ನು ‘ಕೇಳುತ್ತಾರೆ’, ಧಾತು ಅದೇ. ಹನ್ನೆರಡನೆಯ ಅಧ್ಯಾಯದಲ್ಲಿ ಮುಪ್ಪಿನ ಸಮುವೇಲ ಜನರೆದುರು ನಿಂತು, ನೀವು ‘ಕೇಳಿದ’ ಅರಸನು ಇಗೋ ಎಂದು ಸೌಲನನ್ನು ತೋರಿಸುತ್ತಾನೆ. ಒಬ್ಬ ತಾಯಿ ಕಣ್ಣೀರಿಟ್ಟು ಕೇಳಿ ಪಡೆದ ಮಗನೊಬ್ಬ, ಒಂದು ಜನಾಂಗ ಹಟ ಹಿಡಿದು ಕೇಳಿ ಪಡೆದ ಅರಸನೊಬ್ಬ; ಒಂದೇ ಪದವನ್ನು ಇಬ್ಬರ ಮೇಲೂ ಇಟ್ಟು ಬರಹಗಾರ ತೂಗಿ ತೋರಿಸುತ್ತಿದ್ದಾನೆ. ಕೊನೆಗೆ 28ನೆಯ ಅಧ್ಯಾಯದಲ್ಲಿ, ಯುದ್ಧದ ಹಿಂದಿನ ರಾತ್ರಿ, ಸೌಲನು ಯೆಹೋವನನ್ನು ಕೇಳುತ್ತಾನೆ, ‘ವಯ್ಯಿಶ್‌ಅಲ್ ಶಾಊಲ್’, ಉತ್ತರ ಬರುವುದಿಲ್ಲ. ವೇಷ ಮರೆಸಿಕೊಂಡು ಏಂದೋರಿನ ಮಾಟಗಾತಿಯ ಮನೆಗೆ ಹೋಗಿ, ಸತ್ತ ಸಮುವೇಲನನ್ನು ಎಬ್ಬಿಸಿದಾಗ ಅವನು ಹೇಳುವ ಮಾತು, ಯೆಹೋವನೇ ನಿನ್ನನ್ನು ಬಿಟ್ಟಿರುವಾಗ ನನ್ನನ್ನೇಕೆ ‘ಕೇಳುತ್ತೀ’ ಎಂದು. ಸತ್ತವರ ಲೋಕಕ್ಕೆ ಹೀಬ್ರೂವಿನಲ್ಲಿ ‘ಶೆಓಲ್’ ಎನ್ನುತ್ತಾರೆ. ಸ್ವರಚಿಹ್ನೆಗಳಿಲ್ಲದ ಹಳೆಯ ಬರಹದಲ್ಲಿ ಶೆಓಲ್ ಮತ್ತು ಶಾಊಲ್ ಒಂದೇ ನಾಲ್ಕು ಅಕ್ಷರಗಳು. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಆ ರಾತ್ರಿಯಷ್ಟು ಬಿಗಿಯಾದ ಬರವಣಿಗೆ ಇನ್ನೊಂದಿಲ್ಲ. ಮೊದಲ ಅಧ್ಯಾಯದಲ್ಲಿ ಹನ್ನಳ ಬಾಯಿಂದ ಹೊರಟ ಪದವೇ ಅಲ್ಲಿಯವರೆಗೆ ನಡೆದುಬಂದಿದೆ.

ಮೇಮ್ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಹಳಬರೂ ತಲೆ ಕೆಡಿಸಿಕೊಂಡಿದ್ದರು. ಸುಮಾರು 1160ರಿಂದ 1235ರವರೆಗೆ ಬದುಕಿದ್ದ ಯಹೂದಿ ವ್ಯಾಖ್ಯಾನಕಾರ ದಾವೀದ್ ಕಿಮ್ಹಿ, ‘ಶಾಊಲ್ ಮೇಏಲ್’, ಅಂದರೆ ‘ದೇವರಿಂದ ಕೇಳಿ ಪಡೆದವನು’ ಎಂಬ ಎರಡು ಪದಗಳು ಕೂಡಿ ಸವೆದು ‘ಶ್ಮೂಏಲ್’ ಆಯಿತೆಂದು ವಿವರಿಸಿದರು. ಜಾಣತನದ ವಿವರಣೆಯೇ ಸರಿ. ಆದರೆ ಹೀಬ್ರೂವಿನಲ್ಲಿ ಹೆಸರುಗಳು ಹಾಗೆ ನಡುವಿನ ಅಕ್ಷರಗಳನ್ನು ನುಂಗಿ ಹುಟ್ಟುವುದಿಲ್ಲ. ಒಂದನೆಯ ಶತಮಾನದ ಯಹೂದಿ ಇತಿಹಾಸಕಾರ ಯೋಸೆಫಸ್ ಕೂಡ ತನ್ನ ಗ್ರೀಕ್ ಓದುಗರಿಗೆ ಈ ಹೆಸರನ್ನು ‘ದೇವರಿಂದ ಬೇಡಿ ಪಡೆದವನು’ ಎಂದೇ ಬಿಡಿಸಿ ಹೇಳಿದ್ದಾನೆ. ಅವನು ಹನ್ನಳ ಮಾತನ್ನು ಅನುಸರಿಸಿದನೇ ಹೊರತು ವ್ಯಾಕರಣವನ್ನಲ್ಲ.

ಹಾಸನದ ಗೃಹಿಣಿ

ಒಂದು ಸಣ್ಣ ಸಂದೇಹ. ಮೂರನೆಯ ಅಧ್ಯಾಯದಲ್ಲಿ ಬಾಲಕ ಸಮುವೇಲನು ರಾತ್ರಿಯಲ್ಲಿ ಕರೆಯುವ ಧ್ವನಿಗೆ, ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಿದ್ದಾನೆ ಎನ್ನುತ್ತಾನೆ. ಸಂಡೇಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಮಾತದು. ಅಲ್ಲಿ ಆಲಿಸುವ ‘ಕೇಳು’ ಇದೆಯಲ್ಲವೇ? ಹಾಗಿದ್ದರೆ ತಾಣದವರ ಅರ್ಥವೂ ಪೂರ್ತಿ ತಪ್ಪೆನ್ನಬಹುದೇ?

ಅಕ್ಷರಜೀವಿ

ಅಕ್ಕ, ನೀವು ಹೇಳಿದ ಸ್ಥಳದಲ್ಲಿರುವುದು ನಿಜವಾಗಿಯೂ ಆಲಿಸುವ ‘ಶಾಮಅ’ವೇ. ಹದಿನೈದನೆಯ ಅಧ್ಯಾಯದಲ್ಲಿ, ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ ಎಂದು ಸಮುವೇಲ ಸೌಲನನ್ನು ಗದರುವಲ್ಲಿಯೂ ಅದೇ. ‘ಶ್ಮೂ’ ಎಂಬ ಧ್ವನಿ ‘ಶಾಮಅ’ವನ್ನು ನೆನಪಿಸುತ್ತದೆಂಬುದು ಆ ಬರಹಗಾರನಿಗೆ ತಿಳಿದಿತ್ತೆಂದೇ ನನಗೂ ತೋರುತ್ತದೆ. ಆದರೆ ಒಂದು ವ್ಯತ್ಯಾಸ ಗಮನಿಸಿ: ಅಲ್ಲೆಲ್ಲ ಆಲಿಸುವವನು ದೇವರಲ್ಲ, ಮನುಷ್ಯ. ಹೆಸರಿನ ಅರ್ಥವಾಗಿ ಅದನ್ನು ಪುಸ್ತಕ ಎಲ್ಲಿಯೂ ಹೇಳುವುದಿಲ್ಲ, ಅಕ್ಷರಗಳೂ ಅದಕ್ಕೆ ಒಪ್ಪುವುದಿಲ್ಲ.

ಶಾಸನಪ್ರಿಯ

ಭಾವಮೈದುನನ ಪರವಾಗಿ ಯಾರೂ ಮಾತನಾಡಿಲ್ಲವಾದ್ದರಿಂದ ನಾನು ನಿಲ್ಲುತ್ತೇನೆ. ವ್ಯಾಕರಣದ ದೃಷ್ಟಿಯಿಂದ ಅವರ ‘ದೇವರ ಹೆಸರು’ ಎಂಬುದೇ ಮೂರರಲ್ಲಿ ಗಟ್ಟಿಯಾದದ್ದು. ಜರ್ಮನ್ ವಿದ್ವಾಂಸ ಗೆಸೇನಿಯಸ್ 19ನೆಯ ಶತಮಾನದಲ್ಲೇ ಇದನ್ನು ಹೇಳಿದ್ದರು. ‘ಶೇಮ್’ ಎಂದರೆ ಹೆಸರು, ‘ಏಲ್’ ಎಂದರೆ ದೇವರು. ನಡುವಿನ ‘ಊ’ ಹಳೆಯ ವಿಭಕ್ತಿಪ್ರತ್ಯಯದ ಪಳೆಯುಳಿಕೆ. ಸಾಹಿತ್ಯಿಕ ಹೀಬ್ರೂ ಆ ಪ್ರತ್ಯಯಗಳನ್ನು ಕಳೆದುಕೊಂಡ ಮೇಲೂ ಹೆಸರುಗಳೊಳಗೆ ಅವು ಅಲ್ಲಲ್ಲಿ ಉಳಿದುಕೊಂಡವು. ಇದಕ್ಕೆ ಸುಲಭವಾದ ಸಾಕ್ಷಿ ಬೇಕೆಂದರೆ ಆದಿಕಾಂಡದ 32ನೆಯ ಅಧ್ಯಾಯವನ್ನು ನೋಡಿ. ಯಾಕೋಬನು ರಾತ್ರಿಯಿಡೀ ಹೋರಾಡಿದ ಸ್ಥಳದ ಹೆಸರು ಒಂದು ವಚನದಲ್ಲಿ ಪೆನೀಏಲ್, ಅದರ ಮುಂದಿನ ವಚನದಲ್ಲೇ ಪೆನೂಏಲ್. ‘ದೇವರ ಮುಖ’ ಎಂಬ ಅರ್ಥ ಎರಡಕ್ಕೂ ಒಂದೇ. ‘ಈ’ ಮತ್ತು ‘ಊ’ ಅರ್ಥವಿಲ್ಲದ ಕೊಂಡಿಗಳು.

ಇನ್ನೂ ಹಳೆಯ ಸಾಕ್ಷಿ ಮಣ್ಣಿನ ಫಲಕಗಳಲ್ಲಿದೆ. ಇಂದಿನ ಇರಾಕಿನ ದಕ್ಷಿಣದಲ್ಲಿದ್ದ ಲಾರ್ಸಾ ಪಟ್ಟಣವನ್ನು ಕ್ರಿ.ಪೂ. 19ನೆಯ ಶತಮಾನದಲ್ಲಿ ಆಳಿದ ಅರಸನೊಬ್ಬನ ಹೆಸರು ಸುಮೂಏಲ್. ಅದೇ ಶತಮಾನದಲ್ಲಿ ಬಾಬಿಲೋನನ್ನು ಆಳಿದ, ಹಮ್ಮುರಬಿಯ ಮುತ್ತಜ್ಜನ ತಂದೆಯ ಹೆಸರು ಸುಮುಲಾಏಲ್. ಇವರೆಲ್ಲ ಅಮೋರಿಯ ಮೂಲದವರು. ಅಮೋರಿಯರ ನುಡಿ ಹೀಬ್ರೂವಿಗೆ ಹತ್ತಿರದ ನೆಂಟ. ಅವರ ಹೆಸರುಗಳಲ್ಲಿ ಬರುವ ‘ಸುಮು’ ಹೆಸರೆಂಬ ಪದವೇ. ಸಂತತಿ ಎಂಬ ಅರ್ಥವನ್ನೂ ಅದಕ್ಕೆ ಕೆಲವರು ಕೊಡುತ್ತಾರೆ, ಅದರಲ್ಲಿ ಅಚ್ಚರಿಯೇನಿಲ್ಲ. ‘ವಂಶದ ಹೆಸರು ಉಳಿಸುವ ಮಗ’ ಎಂದು ನಾವು ಹೇಳುವುದಿಲ್ಲವೇ? ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಲ್ಲಿ, ಮಕ್ಕಳಿಲ್ಲದೆ ಸತ್ತ ಅಣ್ಣನಿಗೆ ಸಂತಾನ ಹುಟ್ಟಿಸುವುದನ್ನು ಅವನ ‘ಶೇಮ್’ ನಿಲ್ಲಿಸುವುದು ಎಂದೇ ಕರೆದಿದ್ದಾರೆ. ಆದ್ದರಿಂದ ‘ದೇವರ ಹೆಸರು’, ‘ಅವನ ಹೆಸರು ಏಲ್’, ‘ದೇವರು ಕೊಟ್ಟ ಸಂತಾನ’ ಎಂಬ ಮೂರು ಛಾಯೆಗಳೂ ಒಂದೇ ಬೇರಿನವು. ಇವುಗಳಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ನನಗಿಲ್ಲ.

ಇನ್ನೊಂದನ್ನು ಯಾರೂ ಪ್ರಸ್ತಾಪಿಸಲಿಲ್ಲ. ಬೈಬಲ್ಲಿನಲ್ಲಿ ಈ ಹೆಸರಿನವರು ಇನ್ನಿಬ್ಬರಿದ್ದಾರೆ. ಅರಣ್ಯಕಾಂಡದ 34ನೆಯ ಅಧ್ಯಾಯದಲ್ಲಿ, ನಾಡನ್ನು ಹಂಚಲು ನೇಮಿಸಲಾದವರ ಪಟ್ಟಿಯಲ್ಲಿ ಸಿಮೆಯೋನ ಕುಲದ ಅಮ್ಮೀಹೂದನ ಮಗನೊಬ್ಬ. ಪೂರ್ವಕಾಲವೃತ್ತಾಂತ ಮೊದಲನೆಯ ಪುಸ್ತಕದ ಏಳನೆಯ ಅಧ್ಯಾಯದಲ್ಲಿ ಇಸ್ಸಾಕಾರ ಕುಲದ ತೋಲನ ಮಗನೊಬ್ಬ. ಹೀಬ್ರೂವಿನಲ್ಲಿ ಅವರ ಹೆಸರೂ ಅಕ್ಷರಶಃ ಶ್ಮೂಏಲ್. ಅವರ ತಾಯಂದಿರು ಯಾರನ್ನು ಏನು ಬೇಡಿದರೆಂಬ ಕಥೆ ಅಲ್ಲಿಲ್ಲ. ಹಾಗಾದರೆ ಇದು ಹನ್ನಳು ಹೊಸದಾಗಿ ಕಟ್ಟಿದ ಹೆಸರಲ್ಲ, ಜನರ ಬಳಕೆಯಲ್ಲಿದ್ದ ಸಾಧಾರಣ ಹೆಸರು. ಆಕೆ ತನ್ನ ಮಗನಿಗೆ ಅದನ್ನಿಟ್ಟಾಗ ತನ್ನದೇ ಕಾರಣ ಹೇಳಿದಳು.

ಸಂದೇಹಿ

ಕೊನೆಯ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಇನ್ನಿಬ್ಬರು ಶ್ಮೂಏಲರಿರುವುದು ನನ್ನ ಗಮನಕ್ಕೆ ಬಂದಿರಲಿಲ್ಲ. ಆದರೂ ಕೇಳುತ್ತೇನೆ: ಬರಹಗಾರನಿಗೆ ಹೀಬ್ರೂ ಚೆನ್ನಾಗಿ ಬರುತ್ತಿತ್ತು. ಹೆಸರಿಗೂ ವಿವರಣೆಗೂ ತಾಳೆಯಾಗುವುದಿಲ್ಲವೆಂದು ಅವನಿಗೆ ತಿಳಿಯದೆ ಹೋಯಿತೇ?

ಶಾಸನಪ್ರಿಯ

ತಿಳಿದೇ ಇರುತ್ತದೆ, ಅವನಿಗೆ ಅದು ದೋಷವೆನಿಸಿರಲಿಕ್ಕಿಲ್ಲ. ಆ ಸಾಹಿತ್ಯದಲ್ಲಿ ಹೆಸರಿನ ಕಥೆಯೆಂದರೆ ಧ್ವನಿಯ ಸರಸ. ಮೋಶೆಯನ್ನೇ ನೋಡಿ. ನೀರಿನಿಂದ ಎಳೆದು ತೆಗೆದೆನೆಂಬ ಕಾರಣಕ್ಕೆ ಫರೋಹನ ಮಗಳು ಆ ಹೆಸರಿಟ್ಟಳೆಂದು ವಿಮೋಚನಕಾಂಡ ಹೇಳುತ್ತದೆ. ಆದರೆ ಹೀಬ್ರೂ ವ್ಯಾಕರಣದಂತೆ ‘ಮೋಶೆ’ ಎಂದರೆ ಎಳೆದು ತೆಗೆಯುವವನು. ಆಕೆಯ ಕಾರಣಕ್ಕೆ ಬೇಕಾದದ್ದು ಎಳೆದು ತೆಗೆಯಲ್ಪಟ್ಟವನು. ಥುತ್‌ಮೋಸ್, ರಾಮ್ಸೆಸ್ ಮುಂತಾದ ಈಜಿಪ್ಟಿನ ಹೆಸರುಗಳಲ್ಲಿರುವ ‘ಹುಟ್ಟಿದವನು’ ಎಂಬ ಪದದ ತುಣುಕೇ ಅದೆಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಬಾಬೆಲ್ ಎಂಬುದನ್ನು ಆದಿಕಾಂಡ ‘ಗಲಿಬಿಲಿ’ ಎಂಬ ಅರ್ಥದ ಧಾತುವಿಗೆ ಜೋಡಿಸುತ್ತದೆ. ಬಾಬಿಲೋನಿನವರು ತಮ್ಮ ಊರಿನ ಹೆಸರನ್ನು ‘ದೇವರ ಬಾಗಿಲು’ ಎಂದು ತಿಳಿದಿದ್ದರು.

ನಮ್ಮಲ್ಲೂ ಇದು ಹೊಸದಲ್ಲ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಆ ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಶಾಸನ ಓದಿದ ಮೇಲೂ ನಾನು ಮೊಮ್ಮಗಳಿಗೆ ಹೇಳುವುದು ಮುದುಕಿಯ ಕಥೆಯನ್ನೇ. ಶಾಸನದ ಕಥೆ ಹೇಳಿದರೆ ಅವಳು ನಿದ್ದೆ ಮಾಡುತ್ತಾಳೆ.

ಕೊಂಕಣತೀರ

ಅರ್ಥದ ಚರ್ಚೆಯಲ್ಲಿ ನಾನು ಕೈಹಾಕುವುದಿಲ್ಲ. ಆದರೆ ಈ ಹೆಸರು ನಮ್ಮ ನೆಲವನ್ನು ಮುಟ್ಟಿದ ಒಂದು ಸಂದರ್ಭವನ್ನು ಇಲ್ಲಿ ದಾಖಲಿಸಬೇಕೆನಿಸಿತು. ಕೊಂಕಣದ ಬೆನೆ ಇಸ್ರಾಯೇಲ್ ಯಹೂದಿಗಳು ಹೀಬ್ರೂ ಹೆಸರುಗಳನ್ನು ಮರಾಠಿಗೆ ಒಗ್ಗಿಸಿಕೊಂಡಿದ್ದರು. ಅವರ ಬಾಯಲ್ಲಿ ಸಮುವೇಲ ‘ಸಾಮಾಜಿ’ ಆದ, ಯೆಹೆಜ್ಕೇಲ ‘ಹಸ್ಸಾಜಿ’ ಆದ. ದಿವೆ ಎಂಬ ಹಳ್ಳಿಯ ಹೆಸರು ಹೊತ್ತ ಸಾಮಾಜಿ ಹಸ್ಸಾಜಿ ದಿವೇಕರ್ ಬ್ರಿಟಿಷ್ ಸೈನ್ಯದಲ್ಲಿದ್ದವರು. ಮೈಸೂರಿನ ಯುದ್ಧದಲ್ಲಿ ಅವರು ಟಿಪ್ಪು ಸುಲ್ತಾನನ ಸೆರೆಯಾದರು. ಆ ಸಮುದಾಯದಲ್ಲಿ ನಡೆದುಬಂದಿರುವ ಕಥೆಯಂತೆ, ಯಾವ ಜಾತಿಯೆಂದು ವಿಚಾರಿಸಿದಾಗ ಅವರು ‘ಬನಿ ಇಸ್ರಾಯೀಲ್’ ಎಂದರು. ಕುರಾನಿನಲ್ಲಿ ಬರುವ ಆ ಹೆಸರನ್ನು ಕೇಳಿ ಟಿಪ್ಪುವಿನ ತಾಯಿ ಅವರ ಪ್ರಾಣ ಉಳಿಸಬೇಕೆಂದು ಮಗನನ್ನು ಬೇಡಿಕೊಂಡಳು. ಜೀವಸಹಿತ ಮರಳಿದರೆ ದೇವರಿಗೊಂದು ಮಂದಿರ ಕಟ್ಟಿಸುತ್ತೇನೆಂದು ಸೆರೆಯಲ್ಲಿ ಹರಕೆ ಹೊತ್ತಿದ್ದ ಸಾಮಾಜಿ ಮುಂಬಯಿಗೆ ಮರಳಿ, 1796ರಲ್ಲಿ ಆ ಊರಿನ ಮೊದಲ ಸಿನಗಾಗ್ ಕಟ್ಟಿಸಿದರು. ಅದಿರುವ ಬೀದಿ ಇಂದಿಗೂ ಸ್ಯಾಮುಯೆಲ್ ಸ್ಟ್ರೀಟ್. ಕೇಳಿ ಪಡೆದವನೆಂಬ ಹೆಸರಿನವನೊಬ್ಬ, ತನ್ನ ಜೀವವನ್ನೇ ಕೇಳಿ ಪಡೆದ.

ಕಲಬುರಗಿಯ ಶಿಕ್ಷಕಿ

ಕೊಂಕಣತೀರ ಅವರೇ, ಈ ಕಥೆ ನನಗೆ ಗೊತ್ತಿರಲಿಲ್ಲ. ಸೋಮವಾರ ತರಗತಿಯಲ್ಲಿ ಹೇಳುತ್ತೇನೆ.

ಹಾಸನದ ಗೃಹಿಣಿ

ಇಷ್ಟೆಲ್ಲ ಓದಿದ ಮೇಲೆ ಇನ್ನೊಂದು ಕೇಳಬೇಕೆನಿಸಿದೆ. ಮೂಲದಲ್ಲಿ ‘ಶ’ ಇದ್ದರೆ ನಾವು ‘ಸ’ ಯಾಕೆ ಬರೆಯುತ್ತೇವೆ? ಕನ್ನಡದಲ್ಲಿ ಶಕಾರಕ್ಕೇನು ಕೊರತೆ?

ಅಕ್ಷರಜೀವಿ

ಕೊರತೆಯಿದ್ದದ್ದು ಗ್ರೀಕಿನಲ್ಲಿ. ಗ್ರೀಕ್ ಲಿಪಿಯಲ್ಲಿ ಶಕಾರಕ್ಕೆ ಅಕ್ಷರವಿಲ್ಲದ್ದರಿಂದ ಅವರು ‘ಸಮುಏಲ್’ ಎಂದು ಬರೆದರು. ಅಲ್ಲಿಂದ ಲ್ಯಾಟಿನ್ನಿಗೂ ಇಂಗ್ಲಿಷಿಗೂ ಅದೇ ಹೋಯಿತು. ಅಯಿನ್ ಮತ್ತು ಆಲೆಫ್‌ಗಳೆರಡೂ ಅಲ್ಲಿಯೇ ಕಾಣೆಯಾದದ್ದರಿಂದ ಇಷ್ಮಾಯೇಲನಿಗೂ ಸಮುವೇಲನಿಗೂ ನಡುವಿದ್ದ ಗೋಡೆ ಬಿತ್ತು, ಮಕ್ಕಳ ಹೆಸರುಗಳ ತಾಣಗಳ ಗೊಂದಲಕ್ಕೆ ಬೀಜ ಬಿದ್ದದ್ದೂ ಅಲ್ಲಿಯೇ. ಕನ್ನಡ ಸತ್ಯವೇದದಲ್ಲಿ ಎರಡು ಪದ್ಧತಿಗಳೂ ಜೊತೆಯಾಗಿವೆ: ಮೋಶೆ, ಯೆಹೋಶುವ, ಯೆಶಾಯ ಎಂಬಲ್ಲಿ ಹೀಬ್ರೂವಿನ ಶಕಾರ ಉಳಿದಿದೆ, ಸಮುವೇಲ, ಸೌಲ, ಸೊಲೊಮೋನ ಎಂಬಲ್ಲಿ ಸಕಾರ ಬಂದಿದೆ. ಮೋಶೆಯನ್ನು ಮೋಸೆ ಎಂದರೆ ಕನ್ನಡದ ಕಿವಿಗೆ ಮೋಸ ಎಂದು ಬೀಳುವುದರಿಂದ ಆ ಒಂದು ಹೆಸರಿನಲ್ಲಂತೂ ಶಕಾರ ಉಳಿದದ್ದು ನಮ್ಮ ಅದೃಷ್ಟ.

ಬೆಟಗೇರಿಯ ಓದುಗ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಮಾವನವರು, ಭಾವಮೈದುನ, ನಾನು ಕುಳಿತು ಇದನ್ನೆಲ್ಲ ಮತ್ತೊಮ್ಮೆ ಓದಿದೆವು. ಲಾರ್ಸಾದ ಅರಸನ ಹೆಸರು ಬಂದಾಗ ಭಾವಮೈದುನ ಮೀಸೆ ತಿರುವಿದ. ಮಾವನವರು, “ವ್ಯಾಕರಣ ಅವನದಾಗಲಿ, ಹೆಸರಿಟ್ಟವಳ ಮಾತು ನನ್ನದು” ಎಂದರು. ಆಮೇಲೆ ನನ್ನ ಹೆಂಡತಿಯನ್ನು ಕರೆದು ನೀನೇನು ಹಾಕಿಸಬೇಕೆನ್ನುತ್ತೀ ಎಂದು ಕೇಳಿದೆವು. ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ ಎಂಬುದು ಆಗ ನೆನಪಾಯಿತು. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡೇ ಕರಡನ್ನು ನೋಡಿ, “ದೇವರು ಎಂಬುದನ್ನು ದೇವರನ್ನು ಎಂದು ಮಾಡಿ, ಕೇಳಿದನು ಎಂಬುದನ್ನು ಕೇಳಿ ಪಡೆದದ್ದು ಎಂದು ಮಾಡಿ. ಒಂಬತ್ತು ವರ್ಷ ಕೇಳಿದವಳು ನಾನು” ಎಂದಳು.

ಅಕ್ಷರಜೀವಿಯವರೇ, ‘ಸಮುವೇಲ ಎಂದರೆ ದೇವರನ್ನು ಕೇಳಿ ಪಡೆದದ್ದು’ ಎಂದು ಅಚ್ಚು ಹಾಕಿಸಿದರೆ ತಪ್ಪಾಗುತ್ತದೆಯೇ?

ಅಕ್ಷರಜೀವಿ

‘ಎಂದರೆ’ ಎಂಬ ಪದವೊಂದನ್ನು ತೆಗೆದುಬಿಡಿ. ಅದು ಇದ್ದರೆ ನಿಘಂಟಿನ ಅರ್ಥವಾಗುತ್ತದೆ, ಭಾವಮೈದುನ ಜಗಳಕ್ಕೆ ಬರುತ್ತಾನೆ. ‘ದೇವರನ್ನು ಕೇಳಿ ಪಡೆದದ್ದು’ ಎಂದಷ್ಟೇ ಬರೆದು, ಕೆಳಗೆ ‘1 ಸಮುವೇಲ 1:20 ನೋಡಿರಿ’ ಎಂದು ಹಾಕಿ. ಆಗ ಅದು ಹೆಸರಿಟ್ಟವಳ ಮಾತಾಗುತ್ತದೆ.

ಬೆಟಗೇರಿಯ ಓದುಗ

ಹಾಗೆಯೇ ಬರೆದು ಪ್ರೆಸ್ಸಿಗೆ ಕೊಟ್ಟು ಬಂದೆ. ಅಕ್ಷರ ಜೋಡಿಸುವ ಹುಡುಗ ಓದಿ ನೋಡಿ, “ಸರ್, ಯಾರು ಕೇಳಿದ್ದು ಅಂತ ಹಾಕಿಲ್ಲವಲ್ಲ?” ಎಂದ. ತಾಯಿಯ ಹೆಸರು ಮೇಲಿನ ಸಾಲಿನಲ್ಲೇ ಇದೆಯಪ್ಪ ಎಂದೆ.